ಪಂಕಜಕ್ಕನ ಅಂಗಡಿಯಲ್ಲಿ ಸ್ಟಾಕಿಲ್ಲ

ಪಂಕಜಕ್ಕ ‘ಖಾಲಿ’ ಎಂದರೆ ಮಣಿಪಾಲಕ್ಕೆ ಗ್ರಹಣ ಹಿಡಿಯುತ್ತದೆ, ಕಾರ್ಕಳದ ಹುಡುಗರು ಊಟ ಬಿಡುತ್ತಾರೆ. ಅರುವತ್ತು ದಾಟಿದ ಈ ಅಕ್ಕನ ಅಂಗಡಿಯಲ್ಲಿ ಹೊಸ ವಿಡಿಯೋ ಗೇಮ್ ಬಂದ ದಿನವೇ ಖಾಲಿ. ಕೇಳಿದವರಿಗೆ ಕನ್ನಡಕ ಏರಿಸಿ ಅರ್ಥಶಾಸ್ತ್ರ ಹೇಳುತ್ತಾರೆ: “ಕಂಪೆನಿಯವರು ಬೇಕೆಂದೇ ಕಡಿಮೆ ಕಳಿಸುವುದು ಮಗಾ. ಸಿಗದಿದ್ದರೆ ಅಲ್ವಾ ಸುದ್ದಿಯಾಗುವುದು? ಎಲ್ಲ ಕಡೆ ಸಿಗುವುದನ್ನು ಯಾರು ಕೇಳುತ್ತಾರೆ? ನಾಳೆ ಬಾ. ಈಗ ಬಂದದ್ದಕ್ಕೆ ಕೂತು ಒಂದು ಆಟ ಆಡುವ.” ಬಂದವರು ಅಂಗಡಿಯ ಟಿ.ವಿ. ಮುಂದೆ ಅವರೊಟ್ಟಿಗೆ ಫುಟ್‌ಬಾಲ್ ಆಡಿ, ಗೋಳಿಬಜೆ ತಿಂದು, ಸೋತು ನಗುತ್ತಾ ಹೋಗುತ್ತಾರೆ. ಮೊನ್ನೆ ಒಳಕೋಣೆಯಲ್ಲಿ ಸೀಲು ಒಡೆಯದ ಗೇಮ್‌ಗಳ ರಾಶಿಯೇ ನನಗೆ ಕಂಡಿತು. “ಅಕ್ಕ, ವ್ಯಾಪಾರದಲ್ಲಿ ನೀವು ಕಂಪೆನಿಯನ್ನೂ ಮೀರಿಸಿದಿರಿ” ಎಂದೆ. “ವ್ಯಾಪಾರ ಎಂತದ್ದು ಮಾರಾಯ? ಕೊಟ್ಟರೆ ಇವರು ರೂಮಿನಲ್ಲೇ ಕೂತು ಆಡುತ್ತಾರೆ. ಮತ್ತೆ ನನ್ನೊಟ್ಟಿಗೆ ಆಡಲಿಕ್ಕೆ ಯಾರು ಸಿಗುವುದು?”