ಕುಸುಮಾವತಿ ಟೀಚರ್ ಕೇಳುವ ಪ್ರಶ್ನೆ

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಗಣಿತಕ್ಕೆ ಕುಸುಮಾವತಿ ಟೀಚರೇ ಸೈ ಎಂದು ಹೆಸರಿತ್ತು. ಗಂಡ ಮಹೇಶ್ವರರಿಗೆ ತಿರುವನಂತಪುರದ ಸೆಕ್ರೆಟೇರಿಯಟ್‌ಗೆ ವರ್ಗವಾದ ಮೇಲೆ, ಟೀಚರ್ ಕಳಕ್ಕೂಟಂ ಹತ್ತಿರದ ಮಲಯಾಳಂ ಶಾಲೆಯೊಂದಕ್ಕೆ ಸೇರಿದರು. ಪೇಚಾಟ ಶುರುವಾದದ್ದೇ ಅಲ್ಲಿ. ತರಕಾರಿ ಅಂಗಡಿಯ ಮಲಯಾಳಂ ಅವರಿಗೆ ನೀರು ಕುಡಿದಷ್ಟು ಸಲೀಸು. ಗಣಿತ ಮಾತ್ರ ತಲೆಯೊಳಗೆ ಕನ್ನಡದಲ್ಲೇ ಕೂತಿತ್ತು. ಪಾಠದ ನಡುವೆ ಪದ ಸಿಗದೆ ನಿಂತುಬಿಡುವರು. ಬೋರ್ಡಿನ ಮೇಲೆ ಚಿತ್ರ ಬರೆದು, "ಇದಕ್ಕೆ ಏನಂತಾರೆ ಮಕ್ಕಳೇ?" ಎಂದು ಅವರನ್ನೇ ಕೇಳುವರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಟೀಚರ್ ಇನ್ನೂ ಒಂದು ಕೈ ಮೇಲು: ಚೆನ್ನಾಗಿ ಕುಣಿಯುತ್ತಲೇ ತನ್ನ ಕಾಲೇ ಡೊಂಕು ಎಂದು ನಂಬಿಬಿಟ್ಟರು.

"ಮಕ್ಕಳತ್ರ ಕೇಳಿ ಪಾಠ ಮಾಡುವ ಟೀಚರ್ ಎಲ್ಲಿಯಾದ್ರೂ ಉಂಟಾ ಮಾರಾಯ್ರೇ? ನಾಳೆ ಹೆಡ್‌ಮಿಸ್ಟ್ರೆಸ್ ಕ್ಲಾಸ್ ನೋಡ್ಲಿಕ್ಕೆ ಬರ್ತಾರೆ. ಅವರು ಹೇಳುವ ಮೊದ್ಲು ನಾನೇ ಕೆಲಸ ಬಿಡ್ತೇನೆ," ಎಂದರು ಒಂದು ಸಂಜೆ ಗಂಡನ ಹತ್ತಿರ.

"ಬಿಡುದಾದ್ರೆ ನಾಡಿದ್ದು ಬಿಡು. ನಾಳೆಯದ್ದೊಂದು ಮುಗಿಸು," ಎಂದರು ಮಹೇಶ್ವರ, ಚಾಯ ಹೀರುತ್ತ.

ಮರುದಿನ ಹೆಡ್‌ಮಿಸ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕೂತರು. ಟೀಚರ್ ಚಾಕ್‌ಪೀಸ್ ಕೈಗೆತ್ತಿಕೊಂಡರು. ಬೋರ್ಡಿನ ಮೇಲೆ ಒಂದು ಆಯತ ಬರೆದರು. ವಿಸ್ತೀರ್ಣಕ್ಕೆ ಮಲಯಾಳಂ ಪದ ಮಾಯ! ವಿಧಿಯಿಲ್ಲದೆ ಒಳಭಾಗಕ್ಕೆ ಗೆರೆ ಎಳೆದು, "ಇದಕ್ಕೆ ಏನಂತಾರೆ?" ಎಂದರು.

ಮುಂದಿನ ಬೆಂಚಿನ ಹುಡುಗಿ ಅನನ್ಯ ಎದ್ದಳು. "ಬೇಲಿ ಹಾಕೋದಕ್ಕೆ ಚುಟ್ಟಳವ್ ಬೇಕು ಟೀಚರ್, ಟೈಲ್ಸ್ ಹಾಕೋದಕ್ಕೆ ಪರಪ್ಪಳವ್. ಇದು ಪರಪ್ಪಳವ್!"

"ನಡುವೆ ಕಂಬ ಇದ್ದರೆ ಕಳೀಬೇಕು," ಎಂದು ಇನ್ನೊಬ್ಬಳು ಎದ್ದಳು. ಎಷ್ಟು ಕಳೆಯಬೇಕು ಎಂದು ಕ್ಲಾಸಿಗೆ ಕ್ಲಾಸೇ ಜಗಳಕ್ಕೆ ನಿಂತಿತು.

"ಟೀಚರ್ ಇಷ್ಟು ಕಡಿಮೆ ಮಾತಾಡೋ ಕ್ಲಾಸು ನಾನು ನೋಡೇ ಇಲ್ಲ," ಎಂದರು ಹೆಡ್‌ಮಿಸ್ಟ್ರೆಸ್ ಹೊರಗೆ ಬಂದು. ಕುಸುಮಾವತಿ ತಲೆ ತಗ್ಗಿಸಿದರು. ಹೆಡ್‌ಮಿಸ್ಟ್ರೆಸ್ ಮಾತು ಮುಂದುವರಿಸಿದರು: "ನಾವು ಮೊದಲೇ ಪದ ಕೊಟ್ಟುಬಿಡ್ತೇವೆ, ಮಕ್ಕಳು ಬಾಯಿಪಾಠ ಮಾಡ್ತಾರೆ. ನಿಮ್ಮ ಮಕ್ಕಳು ಅರ್ಥ ಮಾಡಿಕೊಂಡು ಪದ ಹೇಳ್ತಾರೆ. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ನಡೆಯುವ ಶಿಕ್ಷಕರ ಶಿಬಿರದಲ್ಲಿ ಈ ಪಾಠ ಮಾಡಿ ತೋರಿಸಿ."

ಟೀಚರ್ ಕೊಚ್ಚಿಗೆ ಹೋದರು, ಪಾಠ ಮಾಡಿದರು. ಈ ವಿಧಾನ ಎಲ್ಲಿ ಕಲಿತಿರಿ ಎಂದು ಅಲ್ಲಿ ಯಾರೋ ಕೇಳಿದಾಗ ನಕ್ಕುಬಿಟ್ಟರು. ಕೆಲಸ ಬಿಡುವ ಮಾತನ್ನು ಮಹೇಶ್ವರರೂ ನೆನಪಿಸಲಿಲ್ಲ.

ಈಗ ಅವರಿಗೆ ಮಲಯಾಳಂ ಪದಗಳೆಲ್ಲ ನಾಲಗೆಯ ತುದಿಯಲ್ಲಿವೆ. ಆದರೂ ಮೊನ್ನೆ ಬೋರ್ಡಿನ ಮೇಲೆ ವೃತ್ತ ಬರೆದು, "ಇದಕ್ಕೆ ಏನಂತಾರೆ?" ಎಂದರು.

ಅನನ್ಯ ಕಣ್ಣು ಕಿರಿದು ಮಾಡಿದಳು. "ಟೀಚರ್, ನಿಮಗೆ ಗೊತ್ತಿದೆ!"

"ಗೊತ್ತು," ಎಂದರು ಕುಸುಮಾವತಿ ಟೀಚರ್, ಚಾಕ್‌ಪೀಸನ್ನು ಅವಳ ಕೈಗಿಟ್ಟು. "ಅದಕ್ಕೇ ಕೇಳ್ತಾ ಇರೋದು."