ಭರಣಿಗೆ ಕಿವಿಯಿಟ್ಟವರು

ಭಾನುವಾರಗಳಂದು ಟೀಚರ್ ಅವರ ಬಲಗೆನ್ನೆಯ ಮೇಲೆ ಕೆಂಪಗೆ ಒಂದು ಅರ್ಧಚಂದ್ರ ಮೂಡಿರುತ್ತಿತ್ತು. ಹುದುಗೇಳುತ್ತಿರುವ ವೈನಿನ ಭರಣಿಗೆ ಕಿವಿಯಿಟ್ಟು, ಒಳಗಿನ ಗುಳುಗುಳು ನಿಂತಿತೇ ಎಂದು ಆಲಿಸುವಾಗ ಅಂಚು ಒತ್ತಿ ಆದ ಗುರುತು ಅದು.

ಗೋಣಿಕೊಪ್ಪಲಿನಲ್ಲಿ ಅವರು ನನ್ನ ನೆರೆಮನೆಯವರು; ನಿವೃತ್ತ ಶಿಕ್ಷಕಿ, ಊರಿಗೆಲ್ಲ ಟೀಚರ್. ಆಗಾಗ ಭಾನುವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ನಾವು ಕೆಲವರು ಸೇರಿ, ಅವರು ಮಾಡಿದ ವೈನಿನ ರುಚಿ ನೋಡುತ್ತಿದ್ದೆವು. ಇತಿಹಾಸದ ಸಂಶೋಧನೆಯಲ್ಲೇ ಆಯುಷ್ಯ ಕಳೆದ ನನಗೆ ಅಲ್ಲಿ ನೆಮ್ಮದಿಯಿರಲಿಲ್ಲ. ಯಾವ ಬಾಟಲಿಯ ಮೇಲೂ ಇಸವಿ ಇರುತ್ತಿರಲಿಲ್ಲ. ಕೇಳಿದರೆ, "ಕಾಫಿಗೆ ಹೂಮಳೆ ತಡ ಆಯ್ತಲ್ಲ, ಆ ವರ್ಷದ್ದು" ಎನ್ನುವರು, ಇಲ್ಲವೇ, "ತಿತಿಮತಿ ಕಡೆಯಿಂದ ಆನೆ ಬಂದು ಬೇಲಿ ಮುರೀತಲ್ಲ, ಆಗಿಂದು." ತಾಳೆ ನೋಡಲು ಪಕ್ಕದಲ್ಲಿ ಕೂತ ಕರಿಮೆಣಸಿನ ವ್ಯಾಪಾರಿಯನ್ನು ವಿಚಾರಿಸಿದರೆ ಆತ ಬೇರೊಂದು ವರ್ಷ ಹೇಳುತ್ತಿದ್ದ. ನಾನು ಎದ್ದು ಜಗಲಿಯಲ್ಲಿ ಶತಪಥ ಹಾಕುತ್ತಿದ್ದೆ.

"ನಿಮ್ಗೆ ವೈನ್ ಬೇಡ ಸಾರ್, ಇಸವಿ ಬೇಕು. ಕೂತ್ಕೊಳ್ಳಿ ಮಾರಾಯ್ರೆ!" ಎಂದು ಟೀಚರ್ ಗದರುವರು.

ಒಂದು ಜ್ವರ ಅವರ ರುಚಿ, ವಾಸನೆಗಳೆರಡನ್ನೂ ಕೊಂಡೊಯ್ದಿತು, ಮರಳಿ ಕೊಡಲಿಲ್ಲ. ಅದನ್ನು ಅವರು ಬೇಲಿಯಾಚೆಯಿಂದ ನನಗೊಬ್ಬನಿಗೇ ಹೇಳಿದರು. ಅಣ್ಣನ ಮಗಳ ಮದುವೆಗೆ ಕಿತ್ತಳೆ ವೈನ್ ಕೊಡುವುದಾಗಿ ಮಾತು ಕೊಟ್ಟಿದ್ದರು. ರೋಗ ಬಿದ್ದ ತೋಟದ ಕೊನೆಯ ಹಣ್ಣುಗಳಿಂದ ಮಾಡಿದ್ದು. ಅದು ಕೆಟ್ಟಿದೆಯೇ ಎಂದು ತಿಳಿಯಲು ಕಿವಿಯಿಂದಾಗದು.

"ಎಲ್ಲರೂ ಚೆನ್ನಾಗಿದೆ ಅಂತಾರೆ, ಮರ್ಯಾದೆಗೆ. ನೀವಾದ್ರೆ ಪರೀಕ್ಷೆ ಮಾಡದೆ ಎಂತದನ್ನೂ ಒಪ್ಪೋದಿಲ್ಲ. ಸತ್ಯ ಹೇಳಿ, ಸಾರ್. ಮದುವೆ ಮನೇಲಿ ನನ್ನ ಮಾನ ಹೋಗ್ಬಾರ್ದು."

ಆ ಭಾನುವಾರ ವ್ಯಾಪಾರಿ ಮೊದಲ ಗುಟುಕಿಗೇ, "ಫಸ್ಟ್ ಕ್ಲಾಸ್, ಟೀಚರ್!" ಎಂದ. ಉಳಿದವರು ತಲೆದೂಗಿದರು. ಟೀಚರ್ ನನ್ನನ್ನಷ್ಟೇ ನೋಡುತ್ತಿದ್ದರು. ಮತ್ತೊಮ್ಮೆ ಹೀರಿ ಖಚಿತಪಡಿಸಿಕೊಂಡೆ.

"ಹುಳಿ ತಿರುಗಿದೆ," ಎಂದೆ.

"ಎಂತ ಸಾರ್ ನೀವು!" ವ್ಯಾಪಾರಿ ಸಿಡುಕಿದ. "ಕರೆದು ಕುಡಿಸಿದವರಿಗೆ ಹೀಗೆ ಹೇಳೋದಾ?"

ಟೀಚರ್ ಕ್ಷಣಕಾಲ ಲೋಟದೊಳಕ್ಕೆ ನೋಡಿದರು. ಆಮೇಲೆ ನಕ್ಕರು. "ಬಿಡಿ, ಕಾಚಂಪುಳಿ ಬದಲಿಗೆ ಹಂದಿ ಸಾರಿಗೆ ಹಾಕಿದ್ರಾಯ್ತು. ಅದಕ್ಕೂ ಹುಳಿ ಬೇಕಲ್ಲ!"

ಮದುವೆಗೆ ಹೋದದ್ದು ಅವರದೇ ಪ್ಯಾಶನ್ ಫ್ರೂಟ್ ವೈನ್, ನಾನು ರುಚಿ ನೋಡಿ ಒಪ್ಪಿದ್ದು. ಅಂದಿನಿಂದ ಪ್ರತಿ ಭರಣಿಗೂ ಅವರು ಕಿವಿಯಾದರು, ನಾನು ನಾಲಗೆಯಾದೆ. ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಅನುಮಾನಬುದ್ಧಿಯನ್ನು ಬೇಕೆಂದು ಕೇಳಿ ಪಡೆದವರು ಅವರೊಬ್ಬರೇ.

ವೈನಿಗೆ ನೆಲ್ಲಿಕಾಯಿ ಹಾಕಿಟ್ಟ ವಾರವೇ ಟೀಚರ್ ತೀರಿಕೊಂಡರು, ಹೃದಯಾಘಾತ. ಅಣ್ಣನ ಮಗಳು ಆ ಭರಣಿಯನ್ನು ನನ್ನ ಮನೆಗೆ ತಂದಿಟ್ಟಳು. ಓದಲು ಕುಳಿತರೆ ಮನಸ್ಸು ನಿಲ್ಲದು; ಎದ್ದೆದ್ದು ಹೋಗಿ ಕಿವಿಯಿಡುತ್ತಿದ್ದೆ. ಗುಳುಗುಳು ನಿಂತ ಮೇಲೆ ಸೋಸಿ ಬಾಟಲಿಗೆ ತುಂಬಿಸಿಟ್ಟೆ. ಅದು ಮಾಗಿದ ಮೇಲೆ ನಮ್ಮ ಜಗಲಿಗೇ ಎಲ್ಲರನ್ನೂ ಕರೆದೆ.

ವ್ಯಾಪಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು ನನ್ನನ್ನು ಕೆಣಕಿದ: "ಯಾವ ಇಸವಿದು, ಸಾರ್?"

ದಿನ, ತಿಂಗಳು ಸಮೇತ ನನಗೆ ಗೊತ್ತಿತ್ತು.

"ಟೀಚರ್ ಹೋದ್ರಲ್ಲ," ಎಂದೆ, "ಆ ವರ್ಷದ್ದು."