ಆಷಾಢದಲ್ಲಿ ಹೊರಡುವ ಮನೆ

ಊರಿನವರೆಲ್ಲ ಬೇಸಿಗೆ ರಜೆಯಲ್ಲಿ ಪ್ರವಾಸ ಹೊರಟರೆ ನಮ್ಮ ಮನೆಯವರು ಹೊರಡುವುದು ಆಷಾಢದಲ್ಲಿ. ಅಪ್ಪನದು ಮದುವೆ ಛತ್ರಗಳಿಗೆ ತರಕಾರಿ ಒದಗಿಸುವ ವ್ಯಾಪಾರ. ಬೇಸಿಗೆಯೆಂದರೆ ಲಗ್ನಗಳ ಸುಗ್ಗಿ. ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲೇ ಬೂದುಗುಂಬಳಕಾಯಿ ರಾಶಿ ಬಿದ್ದಿರುತ್ತಿತ್ತು. ಆಗ ಊಟಿ ಗೀಟಿ ಎಂದು ಬಾಯಿಬಿಟ್ಟರೆ ಬೈಗುಳ ಗ್ಯಾರಂಟಿ. ಆಷಾಢ ಬಂತೆಂದರೆ ಮದುವೆಯಿಲ್ಲ, ಛತ್ರಗಳಿಗೆ ಬೀಗ, ಅಪ್ಪನಿಗೆ ಬಿಡುವು. ಹಾಗಾಗಿ ನಾವು ನೋಡಿದ ಊರುಗಳನ್ನೆಲ್ಲ ಮಳೆಯಲ್ಲೇ ನೋಡಿದ್ದು. ಊಟಿಯಲ್ಲಿ ಮಂಜು ಬಿಟ್ಟರೆ ನಾನು ಇನ್ನೇನೂ ಕಂಡಿಲ್ಲ, ದೇವರಾಣೆ.

ಈ ತಿರುಗಾಟಕ್ಕೆಂದೇ ಅಮ್ಮ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದಳು. ಲಗ್ನದ ಕಾಲದಲ್ಲಿ ಮಿಕ್ಕಿದ್ದೆಲ್ಲ ಅದಕ್ಕೆ. ಮನೆ ಸೋರಲಿ, ಸ್ಕೂಟರ್ ಕೆಡಲಿ, ಆ ಡಬ್ಬಿ ಮುಟ್ಟುವ ಹಾಗಿರಲಿಲ್ಲ. ವರ್ಷವೆಲ್ಲ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಹೆಂಗಸು, ಆಷಾಢದಲ್ಲಿ ಮಾತ್ರ ಕಂಡವರಿಗೆಲ್ಲ ಐಸ್‌ಕ್ರೀಮ್ ಕೊಡಿಸುತ್ತಿದ್ದಳು.

ಹೋದ ವರ್ಷ ಜ್ಯೇಷ್ಠದ ಕೊನೆಯಲ್ಲಿ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗದೆ ಹೋಯಿತು. ಹೃದಯದ ಒಂದು ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ನಾನು ಮಕ್ಕಳನ್ನು ಗಂಡನಿಗೆ ಒಪ್ಪಿಸಿ ವೈಯಾಲಿಕಾವಲ್‌ನ ನಮ್ಮ ಮನೆಯಿಂದ ಓಡಿಬಂದು ನೋಡಿದರೆ, ಅಮ್ಮ ಮಂಚದ ಮೇಲೆ ಕೂತು ಅವರೆಬೇಳೆ ಆರಿಸುತ್ತಿದ್ದಾಳೆ!

"ಆಷಾಢದಲ್ಲಿ ಹೊಸ ಪೊರಕೇನೂ ಮನೆಗೆ ತರಲ್ಲ, ಎದೆ ಕೊಯ್ಯಿಸ್ಕೊಳ್ಳೋದಾ? ಶ್ರಾವಣ ಬರ್ಲಿ, ನೋಡೋಣ" ಎಂದಳು.

"ಅಲ್ಲೀವರೆಗೂ?" ಎಂದೆ.

"ಅಲ್ಲೀವರೆಗೂ ಕಾಶಿ."

ನನಗೆ ಮೈಯೆಲ್ಲ ಉರಿದುಹೋಯಿತು. ಉಸಿರಾಡಲು ಆಗದವಳಿಗೆ ಕಾಶಿಯಂತೆ! ಅಪ್ಪ ಮೆಲ್ಲಗೆ, "ಈ ಸಲ ಡಬ್ಬಿ ದುಡ್ಡು ಆಸ್ಪತ್ರೆಗೆ ಇರ್ಲಿ ಬಿಡೇ" ಎಂದು ನೋಡಿದರು.

"ಅದನ್ನ ಆಸ್ಪತ್ರೆಗೆ ಮುಟ್ಟಿದ್ರೆ ಈ ಮನೇಲಿ ಒಲೆ ಹಚ್ಚಲ್ಲ ನಾನು. ಆಸ್ಪತ್ರೆಗೆ ಬ್ಯಾಂಕಲ್ಲಿ ಬೇರೆ ಇಟ್ಟಿದೀರಲ್ಲ? ಅದು ಅಲ್ಲೇ ಇರ್ಲಿ" ಎಂದಳು. ಅಪ್ಪ ಇಡೀ ಮಾರ್ಕೆಟ್ಟಿಗೆ ಜೋರು ಮಾಡುವ ಮನುಷ್ಯ, ಅವಳ ಮುಂದೆ ಬಾಲ ಮುದುರಿಕೊಂಡರು. ಮೊದಲ ಬಾರಿಗೆ ವಿಮಾನದ ಟಿಕೆಟ್ ಬುಕ್ಕಾಯಿತು. ರೈಲಿನಲ್ಲಿ ಸ್ಲೀಪರ್ ಬಿಟ್ಟು ಮೇಲಿನ ಕ್ಲಾಸಿಗೆ ಹೋಗದ ಅಮ್ಮ, ತುಟಿಪಿಟಕ್ಕೆನ್ನದೆ ಒಪ್ಪಿದಳು. ಅದನ್ನು ಕಂಡು ನನಗೆ ಮೊದಲ ಸಲ ಭಯವಾಯಿತು.

ಡಾಕ್ಟರ ಮಾತ್ರೆಗಳನ್ನು ಕಟ್ಟಿಕೊಂಡು ನಾನೂ ಹೊರಟೆ. ಕಾಶಿಯಲ್ಲಿ ಗಂಗೆ ಉಕ್ಕಿತ್ತು. ಸ್ನಾನಘಟ್ಟದ ಮೆಟ್ಟಿಲುಗಳು ಅರ್ಧಕ್ಕರ್ಧ ಮುಳುಗಿ, ಕೆಂಪು ನೀರು ಗುಡಿಯ ಗೋಡೆ ನೆಕ್ಕುತ್ತಿತ್ತು. ದೋಣಿಗಳನ್ನೆಲ್ಲ ಮೇಲೆ ಕಟ್ಟಿಹಾಕಿದ್ದರು. ಅಮ್ಮ ಒಂದೊಂದು ಮೆಟ್ಟಿಲಿಗೂ ನಿಂತು, ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದಳು. ಅವಳ ಕೈ ಹಿಡಿದರೆ ಐಸಿನ ಹಾಗೆ ತಣ್ಣಗಿತ್ತು. ಸಾಕು ವಾಪಸ್ ಹೋಗೋಣ ಎಂದರೆ, "ಸುಮ್ನೆ ಬಾರೇ, ಮಳೇಲಿ ತಿರುಗೋದು ನಮಗೇನು ಹೊಸದಾ?" ಎಂದು ನಕ್ಕಳು. ಉಗುರುಗಳು ನೀಲಿಯಾಗಿದ್ದವು.

ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಕಾಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರಬೇಕು. ಬಿಟ್ಟಿದ್ದನ್ನು ಮತ್ತೆ ಬಾಯಿಗೆ ಹಾಕಬಾರದು. ಬೊಗಸೆಗೆ ನೀರು ಹಾಕಿದ ಪುರೋಹಿತರು, ಏನು ಬಿಡುತ್ತೀರಿ ಎಂದು ಕನ್ನಡದಲ್ಲೇ ಕೇಳಿದರು. ಅಪ್ಪ ಹಿಂದೆಮುಂದೆ ನೋಡದೆ "ಹಾಗಲಕಾಯಿ" ಎಂದುಬಿಟ್ಟರು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ತಿಂದವರಲ್ಲ. "ರೀ, ಗಂಗಮ್ಮನ ಹತ್ರಾನೂ ವ್ಯಾಪಾರಾನಾ?" ಎಂದು ಅಮ್ಮ ಗದರಿದಳು, ಪುರೋಹಿತರೂ ನಕ್ಕರು. ನಾನು ಸೀತಾಫಲ ಬಿಟ್ಟೆ, ಹೊಟ್ಟೆ ಉರಿದುಕೊಂಡೇ ಬಿಟ್ಟೆ. ಅಮ್ಮನ ಸರದಿ ಬಂದಾಗ ಅವಳು ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಅಂದು ಬೊಗಸೆಯ ನೀರು ಬಿಟ್ಟಳು. ಏನೆಂದು ಕೇಳಿದರೆ, "ನಿನಗ್ಯಾಕೆ? ಅದು ನಂದು ಗಂಗಮ್ಮಂದು" ಎಂದಳು. ಮಾವಿನಹಣ್ಣು ಬಿಟ್ಟಿರಬೇಕು ಎಂದುಕೊಂಡೆ.

ಶ್ರಾವಣ ಬಂತು. ನಾನು ಆಸ್ಪತ್ರೆಗೆ ಫೋನ್ ಮಾಡಿ, ದಿನ ಗೊತ್ತುಮಾಡಿ, ಚಾಮರಾಜಪೇಟೆಗೆ ಹೋದೆ. ಅಪ್ಪ ಮೊದಲ ಲಗ್ನದ ಆರ್ಡರಿಗೆ ಬೀನ್ಸ್ ಆರಿಸಿಡುತ್ತಿದ್ದರು. ಅಮ್ಮ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಸೋಮವಾರ ಅಡ್ಮಿಟ್ ಆಗ್ಬೇಕು, ಬಟ್ಟೆ ಎತ್ತಿಡು" ಎಂದೆ.

"ಆಗಲ್ಲ ಕಣೇ."

"ಶ್ರಾವಣ ಬಂತಲ್ಲ, ಇನ್ನೇನು ನೆವ?"

"ನೆವ ಅಲ್ಲ. ಕಾಶೀಲಿ ಬಿಟ್ಟು ಬಂದಿದೀನಿ ಅದನ್ನ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ತಲೆ ಕೆಟ್ಟಿದೆಯಾ, ಪ್ರೀತಿಯಾದದ್ದನ್ನು ಬಿಡು ಅಂದರೆ ಆಪರೇಷನ್ ಬಿಡುತ್ತಾರಾ ಯಾರಾದರೂ, ಅದೇನು ನಿನಗೆ ಪ್ರೀತಿಯದಾ?

"ಆಪರೇಷನ್ ಯಾಕೆ ಬಿಡ್ಲಿ? ಬದುಕೋ ಆಸೇನ ಬಿಟ್ಟೆ. ಅದಕ್ಕಿಂತ ಪ್ರೀತಿದು ಇನ್ನೇನಿತ್ತು ನನ್ಹತ್ರ? ನಮ್ಮಮ್ಮ ಎದೆ ಕೊಯ್ಯಿಸ್ಕೊಂಡು ಎರಡು ವರ್ಷ ಹಾಸಿಗೇಲೇ ಕೊಳೆತ್ಲು. ಇದ್ದಬದ್ದ ದುಡ್ಡೆಲ್ಲ ಔಷಧಿಗೆ ಹೋಯ್ತು, ಒಂದು ಮೈಸೂರು ಕೂಡ ನೋಡ್ಲಿಲ್ಲ ಅವ್ಳು."

ಅಪ್ಪನ ಕೈಯಲ್ಲಿ ಬೀನ್ಸ್ ಹಾಗೇ ಇತ್ತು. ನಾನು ಅವಳ ಕಾಲು ಹಿಡಿದುಕೊಂಡೆ, ಊದಿಕೊಂಡ ಕಾಲಿನಲ್ಲಿ ನನ್ನ ಬೆರಳು ಒತ್ತಿದಲ್ಲೆಲ್ಲ ಗುಳಿಬಿತ್ತು. ಅಮ್ಮಾ, ನನಗೋಸ್ಕರ, ಒಂದು ಸಲ ಎಂದೆ.

ಅಮ್ಮ ನನ್ನ ತಲೆ ಸವರಿದಳು. ಮಾತಿನ ನಡುನಡುವೆ ಉಸಿರಿಗೆಂದು ನಿಲ್ಲುತ್ತ ಅಂದಳು:

"ಬ್ಯಾಂಕಲ್ಲಿರೋ ದುಡ್ಡು ಹಾಗೇ ಇದೆ. ಮುಂದಿನ ಆಷಾಢಕ್ಕೆ ಮಕ್ಕಳನ್ನ ಕರ್ಕೊಂಡು ಸಮುದ್ರ ನೋಡ್ಕೊಂಡ್ ಬನ್ನಿ. ನಿಮ್ಮಪ್ಪನ್ನ ಮಾತ್ರ ಒಬ್ಬರನ್ನೇ ನೀರಿಗೆ ಬಿಡ್ಬೇಡ."